ತಂಗಿಗೆ ಮಾಡಿಸದ ರಕ್ತ ತಪಾಸಣೆ

ಹಂಚಿನ ಮೇಲೆ ರೊಟ್ಟಿ ಕರಕಲಾಗುತ್ತಿತ್ತು. ನನ್ನ ತಂಗಿ ಗೌರವ್ವ ಅದನ್ನೇ ನೋಡುತ್ತ ಕುಳಿತಿದ್ದಳು. ಅಡುಗೆಮನೆ ತುಂಬ ಹೊಗೆಯಾದರೂ ಕದಲಲಿಲ್ಲ.

ಇದು ಎರಡು ವರ್ಷದ ಹಿಂದಿನ ಮಾತು. ಆಗ ಅವಳಿಗೆ ಇಪ್ಪತ್ತೊಂದು. ಓಣಿಗೆಲ್ಲ ಕೇಳುವಂತೆ ನಗುತ್ತಿದ್ದವಳು ಗೋಡೆಗೆ ಮುಖ ಮಾಡಿ ಮಲಗತೊಡಗಿದಳು. ತಲೆ ಬಾಚುವುದೂ ಬೇಡ. ಬೇಸಿಗೆಯಲ್ಲೂ ಚಳಿ ಎಂದು ಕೌದಿ ಹೊದೆಯುತ್ತಿದ್ದಳು. (ನಮ್ಮೂರು ಕನ್ನೊಳ್ಳಿಯ ಬೇಸಿಗೆ ಗೊತ್ತಲ್ಲ? ಎಮ್ಮೆ ಕೂಡ ನೆರಳು ಬಿಟ್ಟು ಏಳುವುದಿಲ್ಲ.) ನಾವು ಏನೆಂದೆವು? ಸೋಮಾರಿ ಎಂದೆವು. ಗಂಡನ ಮನೆಯಲ್ಲೂ ಹೀಗೆ ಬಿದ್ದುಕೊಂಡರೆ ಮೂರೇ ದಿನಕ್ಕೆ ತಿರುಗಿ ಕಳಿಸುತ್ತಾರೆ ಎಂದು ಅವ್ವ ಬೈದಳು. ಗೌರವ್ವ ಅತ್ತಳು, ಅಷ್ಟೇ.

ಸಿಂದಗಿಯ ಡಾಕ್ಟರ ಹತ್ತಿರ ನಾನೇ ಕರೆದೊಯ್ದೆ. ಅವರು ಕಣ್ಣು ನೋಡಿದರು, ಕುತ್ತಿಗೆ ಮುಟ್ಟಿ ನೋಡಿದರು. ಅವಳನ್ನು ಹೊರಗೆ ಕೂಡಿಸಿ ನನ್ನ ಕೈಗೊಂದು ಚೀಟಿ ಕೊಟ್ಟರು. ರಕ್ತ ತಪಾಸಣೆ, ಥೈರಾಯ್ಡ್. ರಕ್ತದಲ್ಲಿ ಅದು ಕಡಿಮೆಯಾದರೆ ಮನಸ್ಸೂ ಹೀಗೆ ಕುಗ್ಗಬಹುದು ಎಂದು ಬಿಡಿಸಿ ಹೇಳಿದರು. ನಾನು ಓದಿದ್ದು ಏಳನೇ ಇಯತ್ತೆ. ಆದರೂ ಮಾತು ಅರ್ಥವಾಗಿತ್ತು. ಆ ನೆಪ ನನಗಿಲ್ಲ.

ಅದೇ ವಾರ ಮೋರಟಗಿಯಿಂದ ಅವಳಿಗೊಂದು ಸಂಬಂಧ ಬಂದಿತ್ತು. ಸಿಂದಗಿಯಲ್ಲಿ ರಕ್ತ ನೋಡುವ ಲ್ಯಾಬ್ ಇಟ್ಟವನು ಆ ಹುಡುಗನ ಕಾಕಾನ ಮಗ! ಬೀಗರಾಗುವವರು ನಮ್ಮ ಕಡೆ ಎಲ್ಲೆಲ್ಲಿ ವಿಚಾರಿಸುತ್ತಾರೆಂದು ನಿಮಗೆ ಹೇಳಬೇಕೆ? ಕಿರಾಣಿ ಅಂಗಡಿ, ಚಹಾದಂಗಡಿ, ದವಾಖಾನೆ. ಮದುವೆಯ ಹುಡುಗಿಗೆ ರಕ್ತ ತಪಾಸಣೆ ಎಂದರೆ ಈಗ ಜನರ ಬಾಯಿಗೆ ಬರುವುದು ಒಂದೇ ಹೆಸರು, ಏಡ್ಸ್.

ಚೀಟಿ ಮಡಚಿ ಕಿಸೆಗಿಟ್ಟೆ. ಹೊರಗೆ ಬಂದು, ಏನೂ ಇಲ್ಲವಂತೆ, ಬರೀ ನಿಶ್ಶಕ್ತಿಯಂತೆ ಎಂದೆ. ಒಂದು ಟಾನಿಕ್ ಬಾಟಲಿ ಕೊಡಿಸಿದೆ. ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು:

"ನಿಶ್ಶಕ್ತಿ ಇದ್ರ ಸಾಯಬೇಕು ಅನಸ್ತೈತೇನ ಅಣ್ಣಾ?"

"ಹುಚ್ಚಿ, ಸುಮ್ನ ಕುಂದ್ರು" ಎಂದೆ.

ಮೋರಟಗಿಯಿಂದ ಕನ್ಯಾ ನೋಡಲು ಬಂದವರು ಅವಳ ಹೆಸರು ಕೇಳಿದರು. ಅವಳು ಬಾಯಿ ಬಿಡಲು ಎಷ್ಟು ಹೊತ್ತು ಮಾಡಿದಳೆಂದರೆ, ಹಿರಿಯರೊಬ್ಬರು "ಹುಡುಗಿಗೆ ಮಾತ ಬರತಾವೇನ್ರಿ?" ಎಂದರು. ಚಹಾ ಕುಡಿದು ಎದ್ದರು. ಮತ್ತೆ ಬರಲಿಲ್ಲ.

ಮೂರು ತಿಂಗಳ ಹಿಂದೆ ಅಂಗಳದಲ್ಲಿ ತಲೆಸುತ್ತಿ ಬಿದ್ದಳು. ಬಿಜಾಪುರಕ್ಕೆ ಒಯ್ದೆವು. ಅಲ್ಲಿನ ಡಾಕ್ಟರೂ ಅದೇ ತಪಾಸಣೆ ಬರೆದರು. ಈ ಸಲ ಮಾಡಿಸಿದೆ. ಥೈರಾಯ್ಡ್ ತೀರಾ ಕಡಿಮೆ. ದಿನಾ ಮುಂಜಾನೆ ಖಾಲಿ ಹೊಟ್ಟೆಗೆ ಒಂದು ಸಣ್ಣ ಗುಳಿಗೆ. ಎರಡು ವರ್ಷ ನಾವು ಬೈದದ್ದು ಇಷ್ಟಕ್ಕೇ? ಡಾಕ್ಟರು ನನ್ನ ಮುಖ ನೋಡಿ, "ಎಲ್ಲಾರ ದುಃಖಾನೂ ರಕ್ತದಾಗ ಸಿಗೂದಿಲ್ರಿ. ಆದ್ರ ಹುಡುಕೂದಂತೂ ಹುಡುಕಬೇಕಲ್ಲ?" ಎಂದರು.

ಈಗ ಗೌರವ್ವ ತಲೆ ಬಾಚಿಕೊಳ್ಳುತ್ತಾಳೆ. ಊಟಕ್ಕೆ ತಾನಾಗಿ ಬಂದು ಕೂಡುತ್ತಾಳೆ. ನಗು ಇನ್ನೂ ಪೂರ್ತಿ ಬಂದಿಲ್ಲ. ಬರುತ್ತದೋ ಇಲ್ಲವೋ, ಯಾರನ್ನು ಕೇಳಲಿ?

ಕಳೆದ ಸೋಮವಾರ ಜೋಳ ಹಸನು ಮಾಡುತ್ತ ಅಂದಳು: "ಪಾಪ, ಸಿಂದಗಿ ಡಾಕ್ಟರಿಗೆ ಇದು ಆವಾಗ ತಿಳೀಲೇ ಇಲ್ಲ ನೋಡಣ್ಣಾ."

ಹೌದವ್ವಾ, ಅವರಿಗೆ ತಿಳಿಯಲಿಲ್ಲ ಎಂದೆ. ಅಷ್ಟು ಸಲೀಸಾಗಿ ಎಂದುಬಿಟ್ಟೆ.

ಈ ಪತ್ರಿಕೆ ನಮ್ಮ ಮನೆಗೂ ಬರುತ್ತದೆ. ನಾನು ಬರೆದದ್ದನ್ನು ಮೊದಲು ಓದುವವಳು ಅವಳೇ. ಈ ವಾರ ಓದಿ ಮುಗಿಸಿ ತಲೆ ಎತ್ತಿದಾಗ, ನಾನು ಎತ್ತ ನೋಡಲಿ?