ಅತ್ತೆ ಇಳಿಯದ ಜೀಪು

ಹೊಸ ಟೈರಿನ ವಾಸನೆ ಮೂಗಿಗೆ ಬಿದ್ದರೆ ನಿಮಗೇನು ನೆನಪಾಗುತ್ತದೋ ಗೊತ್ತಿಲ್ಲ, ನನಗಂತೂ ಶೇಂಗಾ ಹೋಳಿಗೆ ನೆನಪಾಗುತ್ತದೆ. ನಗಬೇಡಿ, ಕಾರಣವಿದೆ. ಇವತ್ತು ಗೋಕಾಕದ ಒಂದು ಟೈರಿನಂಗಡಿಯ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೇನೆ. ನಮ್ಮ ಮನೆಯವರು ಹೊಸದಾಗಿ ಕೊಂಡ ಗಾಡಿಯನ್ನು ಈಗಾಗಲೇ ಒಂದು ಗೇಣು ಮೇಲೆತ್ತಿಸಿ ತಂದಿದ್ದಾರೆ. ಎತ್ತಿದ ಗಾಡಿಗೆ ಸಣ್ಣ ಟೈರು ಶೋಭಿಸುವುದಿಲ್ಲವಂತೆ, ದೊಡ್ಡವು ಬೇಕಂತೆ. ಮುಂದಿನ ವಾರ ಮೂಡಲಗಿಗೆ, ಮಗಳ ಮನೆಗೆ ಹೋಗುವುದಿದೆ. ಅಷ್ಟರೊಳಗೆ ಆಗಬೇಕೆಂದು ಅವಸರ. ತಲೆಯೆಲ್ಲ ನೆರೆತ ಈ ಮನುಷ್ಯ ಟೈರಿನ ಮೇಲೆ ಕೈಯಾಡಿಸುತ್ತ ನಿಂತಿರುವುದನ್ನು ನೀವು ನೋಡಬೇಕು. ಹೆಣ್ಣು ನೋಡಲು ಬಂದ ದಿನವೂ ನನ್ನನ್ನು ಇಷ್ಟು ಆಸೆಯಿಂದ ನೋಡಿರಲಿಲ್ಲ.

ಈ ಹುಚ್ಚು ಹೊಸದಲ್ಲ. ನಾನು ನಾಗನೂರಿಗೆ ಸೊಸೆಯಾಗಿ ಬಂದ ಕೆಲವು ವರ್ಷಗಳಲ್ಲೇ ಅವರೊಂದು ಹಳೆಯ ಜೀಪು ತಂದರು. ಕಬ್ಬಿನ ಸುಗ್ಗಿಯಲ್ಲಿ ಟ್ರ್ಯಾಕ್ಟರು ಓಡಾಡಿ ನಮ್ಮ ಹೊಲದ ದಾರಿಯಲ್ಲಿ ಎರಡು ಕಾಲುವೆಗಳಂತೆ ಗಾಲಿಯ ಜಾಡು ಬೀಳುತ್ತಿತ್ತು. ನಡುವಿನ ದಿಬ್ಬಕ್ಕೆ ಜೀಪಿನ ಹೊಟ್ಟೆ ಕೆರೆಯುತ್ತಿತ್ತು. ಅದೇ ನೆಪ ಸಾಕಾಯಿತು. ಅಡಿಯ ಸ್ಪ್ರಿಂಗ್ ಪಾಟಾಗಳಿಗೆ ಹೆಚ್ಚಿನ ಪಟ್ಟಿ ಸೇರಿಸಿ ಜೀಪನ್ನು ಎತ್ತಿಸಿದರು, ಟ್ರ್ಯಾಕ್ಟರಿಗೆ ಹಾಕಿದರೂ ನಡೆಯುವಂಥ ಟೈರು ತೊಡಿಸಿದರು. ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಟೈರು ಮಡ್ಗಾರ್ಡಿಗೆ ಉಜ್ಜಿ ಗರ್ ಎನ್ನುತ್ತಿತ್ತು. ಹೀಗಾಗಿ ಎತ್ತಿನ ಗಾಡಿ ಸಲೀಸಾಗಿ ಹೊರಳುವ ಜಾಗದಲ್ಲಿ ನಾವು ಹಿಂದೆ ಮುಂದೆ, ಹಿಂದೆ ಮುಂದೆ ಮಾಡುತ್ತ ಓಣಿಯವರಿಗೆಲ್ಲ ಪುಕ್ಕಟೆ ಮನರಂಜನೆ ಕೊಡುತ್ತಿದ್ದೆವು.

ಗಾಲಿ ದೊಡ್ಡದಾದ ಮೇಲೆ ಮೀಟರೂ ತಪ್ಪು ಹೇಳತೊಡಗಿತು. ದೊಡ್ಡ ಗಾಲಿ ಕಡಿಮೆ ಸುತ್ತಿನಲ್ಲೇ ದಾರಿ ಮುಗಿಸುತ್ತದೆ. ಪಾಪ, ಮೀಟರಿಗೆ ಅದು ಹೇಗೆ ತಿಳಿಯಬೇಕು? ನಮ್ಮವರು ಮಾತ್ರ ಅದನ್ನು ತಮ್ಮ ಸಾಧನೆಯ ಲೆಕ್ಕಕ್ಕೆ ಸೇರಿಸಿಕೊಂಡರು. "ನೋಡ, ಗೋಕಾಕ ಮೊದಲಿಗಿಂತ ಹತ್ರ ಆಗೇತಿ" ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು.

ಎಲ್ಲ ಸರಿ, ಹತ್ತುವುದು ಹೇಗೆ? ಸೀರೆಯುಟ್ಟವರ ಕಾಲು ಅಷ್ಟು ಎತ್ತರಕ್ಕೆ ಹೋಗುವುದಿಲ್ಲ. ನಾನು ಸ್ಟೂಲು ಇಟ್ಟುಕೊಂಡು ಹತ್ತುತ್ತಿದ್ದೆ. ಅತ್ತೆ ಸ್ಟೂಲು ಮುಟ್ಟಲಿಲ್ಲ. ಯಾರಾದರೂ ರಟ್ಟೆ ಹಿಡಿದು ಎತ್ತಲು ಬಂದರೆ "ನಾ ಏನ್ ಗೋಧಿ ಚೀಲೇನು?" ಎಂದು ಕಣ್ಣು ಬಿಡುತ್ತಿದ್ದರು. ಮಂಡಿ ನೋವು ಬೇರೆ. ಕೊನೆಗೆ ದಾರಿ ಕಂಡುಹಿಡಿದವರೂ ಅವರೇ. ಮನೆಯ ಮುಂದಿನ ಕಟ್ಟೆಗೆ ಜೀಪಿನ ಬೆನ್ನು ತಾಗುವಂತೆ ತಂದು ನಿಲ್ಲಿಸಬೇಕು, ಅವರು ಕಟ್ಟೆಯಿಂದ ನೇರ ಒಳಗೆ ಹೆಜ್ಜೆ ಇಡಬೇಕು. ಎಲ್ಲಿಗೆ ಹೊರಟರೂ ಅವರ ಮೊದಲ ಪ್ರಶ್ನೆ, "ಅಲ್ಲಿ ಕಟ್ಟಿ ಐತಿಲ್ಲೊ?" ಕಟ್ಟೆಯಿಲ್ಲದ ಮನೆಗಳಿಗೆ ನಮ್ಮ ಹೋಗಿಬರುವಿಕೆಯೇ ಕಡಿಮೆಯಾಯಿತು.

ಅಷ್ಟರಲ್ಲಿ ಹುಕ್ಕೇರಿಗೆ ಕೊಟ್ಟಿದ್ದ ನಾದಿನಿ ಶೈಲಾಳ ಕುಬಸ, ಅಂದರೆ ಸೀಮಂತ, ಬಂತು. ಮೊದಲ ಬಸಿರು ಅರ್ಧದಲ್ಲೇ ಹೋಗಿತ್ತು. ಈ ಸಲ ಡಾಕ್ಟರು ಪ್ರಯಾಣವೇ ಬೇಡವೆಂದಿದ್ದರಿಂದ ಬಾಣಂತನಕ್ಕೆ ತವರಿಗೆ ಕರೆತರುವ ಹಾಗಿರಲಿಲ್ಲ. ಹುಡುಗಿ ಫೋನಿನಲ್ಲಿ ಬರೀ ಅಳುವುದು, "ಯವ್ವಾ, ಅಂಜಿಕಿ ಬರತೈತಿ, ಎರಡ ದಿನ ಬಂದ ಇರ ಬಾ." ಹೇಗೆ ಇರುವುದು? ಮಗಳಿಗೆ ಮಕ್ಕಳಾಗುವ ತನಕ ತಾಯಿ ಆಕೆಯ ಅತ್ತೆಮನೆಯಲ್ಲಿ ರಾತ್ರಿ ತಂಗಬಾರದು ಎನ್ನುವುದು ನಮ್ಮ ಮನೆತನದ ರೀತಿ. ಹುಕ್ಕೇರಿಯ ಬೀಗರದೂ ಅದೇ ರೀತಿ. ಉಡಿ ತುಂಬಿ, ಬುತ್ತಿ ಕೊಟ್ಟು, ಸಂಜೆಯೊಳಗೆ ಹೊರಡಬೇಕು. ಅತ್ತೆ ಫೋನು ಇಟ್ಟ ಮೇಲೆ ರೊಟ್ಟಿ ಬಡಿಯುವ ಸದ್ದು ಜೋರಾಗುತ್ತಿತ್ತು.

ಕುಬಸದ ದಿನ ಜೀಪಿನ ಹಿಂದೆ ಶೇಂಗಾ ಹೋಳಿಗೆ, ಕಡಬು, ಸಜ್ಜಿ ರೊಟ್ಟಿಯ ಬುಟ್ಟಿಗಳು, ಹಸಿರು ಸೀರೆ, ಬಳೆ. ಅವುಗಳ ನಡುವೆ ನಾನು. ಬಿಸಿಲಿಗೆ ಕಾದ ಹೊಸ ರಬ್ಬರಿನ ವಾಸನೆಯೂ ಹೋಳಿಗೆಯ ವಾಸನೆಯೂ ದಾರಿಯುದ್ದಕ್ಕೂ ಕಲೆತು ನನ್ನ ತಲೆಯಲ್ಲಿ ಕಾಯಂ ಕೂತುಬಿಟ್ಟವು. ಧುಪದಾಳದ ಹತ್ತಿರ ಚಹಾಕ್ಕೆ ನಿಂತಾಗಲೂ ಅತ್ತೆ ಇಳಿಯಲಿಲ್ಲ. ಅಲ್ಲಿ ಕಟ್ಟೆ ಇರಲಿಲ್ಲ.

ಹುಕ್ಕೇರಿಯಲ್ಲಿ ಬೀಗರು ಮನೆಯ ಮುಂಭಾಗ ಹೊಸದಾಗಿ ಕಟ್ಟಿಸಿ, ಹಳೆಯ ಕಟ್ಟೆ ಒಡೆಸಿ ನುಣ್ಣಗೆ ಫರಸಿ ಕಲ್ಲು ಹಾಸಿದ್ದರು. ಅತ್ತೆ ಮೇಲಿಂದಲೇ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಕಾಲು ಮಡಚಿ ಸರಿಯಾಗಿ ಕೂತರು.

"ಕಟ್ಟಿ ಇಲ್ಲ. ನಾ ಇಳಿಯಾಂಗಿಲ್ಲ."

ಸ್ಟೂಲು ಬಂತು, ಬೇಡ. ಕುರ್ಚಿ ಬಂತು, ಬೇಡ. ಬೀಗರ ಕಡೆಯ ಗಂಡಸರು ಎತ್ತಿ ಇಳಿಸುತ್ತೇವೆಂದು ತೋಳು ಏರಿಸಿದರು. ಗೋಧಿ ಚೀಲದ ಮಾತು ಕೇಳಿ ಏರಿಸಿದ ತೋಳನ್ನು ಇಳಿಸಿಕೊಂಡರು. ಒಳಗೆ ಆರತಿ ತಟ್ಟೆ ಹಿಡಿದ ಮುತ್ತೈದೆಯರು ಕಾಯುತ್ತಿದ್ದಾರೆ, ಬಾಗಿಲಲ್ಲಿ ಶೈಲಾ ಅಳುವುದೋ ನಗುವುದೋ ತಿಳಿಯದೆ ನಿಂತಿದ್ದಾಳೆ. ನಮ್ಮವರ ಮುಖ ಕೆಂಪಾಗಿತ್ತು.

"ಯವ್ವಾ, ಮರ್ಯಾದಿ ಕಳೀಬ್ಯಾಡ. ಈಗ ಏನ್ ಮಾಡಂತಿ?"

"ಗಾಳಿ ಬಿಡು."

"ಏನು?"

"ಟ್ರಾಲಿ ಗಾಳಿ ಹೋದ್ರ ಕೆಳಗ ಕುಸೀತೈತಿಲ್ಲೊ? ಇದೂ ಕುಸೀತೈತಿ. ನಾಲ್ಕೂ ಗಾಲಿದು ಬಿಡು."

ಇಸ್ತ್ರಿ ಅಂಗಿ ತೊಟ್ಟ ನಮ್ಮವರು ಬೀಗರೆಲ್ಲರ ಎದುರು ಕುಕ್ಕರುಗಾಲಲ್ಲಿ ಕೂತು, ತಮ್ಮ ಪ್ರೀತಿಯ ಟೈರುಗಳ ಗಾಳಿಯನ್ನು ತಮ್ಮ ಕೈಯಾರೆ ಒಂದೊಂದಾಗಿ ಬಿಟ್ಟರು. ಸುಸ್ ಎನ್ನುವ ಆ ಸದ್ದಿಗೆ ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಜೀಪು ನಾಲ್ಕು ಬೆರಳು ಇಳಿದಿರಬೇಕು, ಹೆಚ್ಚಿಲ್ಲ. ಅಷ್ಟಕ್ಕೇ ಅತ್ತೆ, ಆಗ ಬೇಡವೆಂದಿದ್ದ ಅದೇ ಸ್ಟೂಲಿನ ಮೇಲೆ ಕಾಲಿಟ್ಟು ಇಳಿದು ಸೀದಾ ಒಳಗೆ ಹೋದರು.

ಕುಬಸ ಚೆಂದವಾಗಿ ಆಯಿತು. ಸಂಜೆ ಗಾಳಿ ತುಂಬಿಸಲು ಹೋದರೆ ಟೈರಿನಂಗಡಿಯವನು ಕೈಯಲ್ಲಾಡಿಸಿಬಿಟ್ಟ, "ಟ್ರಾನ್ಸ್‌ಫಾರ್ಮರ್ ಸುಟ್ಟೈತ್ರಿ ಸಾವಕಾರ. ಕರೆಂಟ್ ಬರಾಕ ಎರಡ ದಿನ ಆಕ್ಕೈತಿ." ಸೈಕಲ್ ಪಂಪಿನಿಂದ ನಮ್ಮವರು ಬೆವರು ಹರಿಯುವಂತೆ ಹೊಡೆದರು, ಟೈರಿಗೆ ಅದು ಗೊತ್ತೇ ಆಗಲಿಲ್ಲ. ಬಸ್ಸಿಗೆ ಹೋಗೋಣವೆಂದರೆ ಅತ್ತೆ ಪಾತ್ರೆ ಬುಟ್ಟಿಗಳನ್ನು ತೋರಿಸಿದರು. ಆಗ ಬೀಗತಿಯೇ ತೀರ್ಪು ಕೊಟ್ಟರು.

"ಅಕ್ಕಾರ, ನೀವೇನು ಮಗಳ ಮನ್ಯಾಗ ಇರಾಕ ಬಂದಿಲ್ಲ. ಕೆಟ್ಟ ಗಾಡಿ ಕಾಯಾಕ ನಿಂತೀರಿ. ಅದಕ್ಕ ಯಾರ್ ಏನ್ ಅಂತಾರ?"

ಹೀಗೆ ಎರಡು ರಾತ್ರಿ ಅತ್ತೆ ಗಾಡಿ ಕಾದರು, ಮಗಳ ಹಾಸಿಗೆಯಲ್ಲಿ ಕೂತು. ಅವಳ ತಲೆ ತೊಡೆಯ ಮೇಲಿಟ್ಟುಕೊಂಡು ಎಣ್ಣೆ ಹಚ್ಚಿದರು, ತಾವು ಹೆತ್ತ ಕತೆಗಳನ್ನು ಹೇಳಿದರು. ಎರಡನೆಯ ದಿನ ಶೈಲಾ ಬಾಯಿ ತುಂಬ ನಕ್ಕಳು. ಆ ನಗು ಕೇಳಿ ನನಗೆ ಅಳು ಬಂತು. ನನ್ನ ಅವ್ವನ ನೆನಪೂ ಬಂದಿತ್ತು.

ಮೂರನೆಯ ದಿನ ಟೈರು ಮತ್ತೆ ಉಬ್ಬಿ ಜೀಪು ತನ್ನ ಎತ್ತರಕ್ಕೆ ನಿಂತಿತು. ಹತ್ತಿಸಲು ಏನು ತರಬೇಕೆಂದು ಗಂಡಸರೆಲ್ಲ ಹಿತ್ತಲಲ್ಲಿ ಚರ್ಚೆಗೆ ನಿಂತಿದ್ದರು. ಅಂಗಳದಲ್ಲಿ ನಾವಿಬ್ಬರೇ. ಅತ್ತೆ ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ, ಗಾಲಿಯ ನಡುವಿನ ಗುಂಬದ ಮೇಲೆ ಒಂದು ಕಾಲು, ಟೈರಿನ ಮೇಲೆ ಇನ್ನೊಂದು ಕಾಲು ಇಟ್ಟು ಸರ್ರನೆ ಮೇಲೇರಿ ಕೂತರು. ಎತ್ತಿನ ಗಾಡಿಯ ಗಾಲಿ ತುಳಿದು ಹತ್ತಿ ಬೆಳೆದ ಜೀವ ಅದು. ಬಾಯಿ ತೆರೆದು ನಿಂತ ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡರು.

"ಬಾಯಿ ಮುಚ್ಚ, ನೊಣ ಹೊಕ್ಕೈತಿ. ಅವಗ ಹೇಳೀಯಂದ್ರ ನೋಡು."

ಅವರು ಇರುವ ತನಕ ಹೇಳಲಿಲ್ಲ. ಈಗಲೂ, ನೋಡಿ, ನಿಮಗಷ್ಟೇ ಹೇಳುತ್ತಿದ್ದೇನೆ.

"ಏನ, ಯಾವ ಟೈರ್ ಹಾಕಸೋಣಂತಿ?" ನಮ್ಮವರು ಅಂಗಡಿಯೊಳಗಿಂದ ಕೂಗಿದರು. ಬೆಳಿಗ್ಗೆ ಮನೆಯಿಂದ ಹೊರಡುವಾಗ ಇದಕ್ಕೆ ಉತ್ತರ ಸಿದ್ಧವಿತ್ತು: ಈಗಿರುವವೇ ಇರಲಿ, ನನ್ನ ಮಂಡಿ ಕೇಳುವುದಿಲ್ಲ. ಮುಂದಿನ ವಾರ ಮೂಡಲಗಿಯಲ್ಲಿ ನಮ್ಮ ಮಗಳ ಕುಬಸ. ನಿನ್ನೆ ಫೋನಿನಲ್ಲಿ ಅವಳ ದನಿ ಸಣ್ಣಗಾಗಿತ್ತು. ತಾಯಿ ರಾತ್ರಿ ತಂಗಬಾರದೆನ್ನುವ ಆ ಹಳೆಯ ರೀತಿಯನ್ನು ನಮ್ಮ ಮನೆತನ ಇನ್ನೂ ಬಿಟ್ಟಿಲ್ಲ.

ಎದ್ದು ಒಳಗೆ ಹೋಗಿ ಅಂಗಡಿಯವನನ್ನು ಕೇಳಿದೆ, "ಇದಕ್ಕಿಂತಾ ದೊಡ್ಡವು ಇಲ್ಲೇನ್ರಿ?"

ನಮ್ಮವರು ನನ್ನ ಮುಖವನ್ನೇ ನೋಡಿದರು. "ಖರೇನ? ನಿನಗ ಹತ್ತಾಕ ಬರತೈತೇನ?"

"ಹತ್ತತೇನ್ರಿ" ಎಂದೆ. "ಇಳಿಯೂದ ಅಲ್ಲಿ ಹ್ವಾದಮ್ಯಾಲ ನೋಡೂಣು."