ತಕ್ಕಡಿ ಚಿಕ್ಕಮ್ಮ

ನಮ್ಮ ಚಿಕ್ಕಮ್ಮನಿಗೆ ನಾನೂ ಕೆಲಸ ಮಾಡುವ ಕೇಕಿನ ಕಾರ್ಖಾನೆಯಲ್ಲೆಲ್ಲ ‘ತಕ್ಕಡಿ’ ಎಂದೇ ಹೆಸರು. ಚಾಕೊಲೇಟ್ ಕೇಕಿನ ಹೊಟ್ಟೆಗೆ ಯಂತ್ರ ಕ್ರೀಮು ತುಂಬಿ ಮುಂದಕ್ಕೆ ಕಳಿಸುತ್ತದೆ. ಬೆಲ್ಟಿನ ಪಕ್ಕದ ತಪಾಸಣೆ ಮೇಜಿನಲ್ಲಿ ಇನ್ನೈದು ಹೆಂಗಸರ ಜೊತೆ ನಿಂತು, ಬರುವ ಕೇಕುಗಳನ್ನು ಅವಳು ಎರಡೂ ಕೈಯಿಂದ ಎತ್ತಿ ಎತ್ತಿ ಇಡುತ್ತ, ಕ್ರೀಮು ಕಡಿಮೆ ಬಿದ್ದದ್ದನ್ನು ಬುಟ್ಟಿಗೆ ಎಸೆಯುತ್ತಾಳೆ. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಚಿಕ್ಕಪ್ಪ ತಂದ ಟೊಮೇಟೊ ಚೀಲವನ್ನೂ ಹಾಗೇ ಎತ್ತಿ ನೋಡಿ, “ಮೋಸ ಹೋಗಿದ್ದೀರಿ” ಎನ್ನುವವಳು. ಅಂಥವಳ ಜೊತೆ ಬಾಳುವ ಚಿಕ್ಕಪ್ಪನೇ ದೊಡ್ಡ ಮನುಷ್ಯ!

ಪೇಟೆಯಲ್ಲಿ ನಮ್ಮ ಕೇಕಿನಂಥವೇ ಬೇರೆ ಕಂಪನಿಗಳವು ಇನ್ನೆರಡಿವೆ. ಅದೇ ಗಾತ್ರ, ಅದೇ ಬಣ್ಣ. ಕವರಿನ ಮೇಲೆ ನಗುವ ಮಕ್ಕಳೂ ಒಂದೇ ತಾಯಿ ಹೆತ್ತಂತಿವೆ. ಅದನ್ನು ನೋಡಿ ಕಾರ್ಖಾನೆಯ ಯಜಮಾನರಿಗೆ ಒಂದು ಯೋಚನೆ ಹೊಳೆಯಿತು. ಮೂರೂ ಒಂದೇ ಅಂದಮೇಲೆ ಕೈಯಲ್ಲಿ ಎತ್ತಿ ನೋಡಲು ಆರು ಹೆಂಗಸರು ಯಾಕೆ? ಆ ಮೇಜನ್ನೇ ತೆಗೆದುಬಿಟ್ಟರಾಯಿತು! ಚಿಕ್ಕಮ್ಮನ ಸಿಟ್ಟು ನೆತ್ತಿಗೇರಿತು. ಜಗಳವಾಗಿ, ಕಡೆಗೆ ಒಂದು ಪಂದ್ಯ ನಿಶ್ಚಯವಾಯಿತು. ಕವರು ಬಿಚ್ಚಿದ ಮೂರು ಕೇಕುಗಳಲ್ಲಿ ನಮ್ಮದು ಯಾವುದೆಂದು ಅವಳು ಹೇಳಿದರೆ ಮೇಜು ಉಳಿಯುತ್ತದೆ, ತಪ್ಪಿದರೆ ಆರೂ ಜನ ಮನೆಗೆ.

ಆವತ್ತು, ಕೇಕು ಮೊದಲೇ ನೋಡಿಬಿಡಬಾರದೆಂದು, ಎಂಟು ಗಂಟೆಗೇ ಆರೂ ಜನರನ್ನು ಕರೆದು ಆಫೀಸಿನ ಹೊರಗೆ ಕೂರಿಸಿದರು. ಹತ್ತಕ್ಕೆ ಕ್ಯಾಂಟೀನಿನಲ್ಲಿ ಪಂದ್ಯ. ಬಿಡುವಿನಲ್ಲಿದ್ದ ಪ್ಯಾಕಿಂಗಿನವರು ನಾವೆಲ್ಲ ಬೆಂಚು ಹತ್ತಿದ್ದೆವು. ನನಗಂತೂ ನಿಂತಲ್ಲಿ ನಿಲ್ಲಲಾಗುತ್ತಿಲ್ಲ!

ಚಿಕ್ಕಮ್ಮ ಮೊದಲನೆಯದನ್ನು ಎತ್ತಿ ಇಟ್ಟಳು. ಎರಡನೆಯದು. ಮೂರನೆಯದು. ಮತ್ತೆ ಎರಡನೆಯದು.

“ಇದ್ರಲ್ಲಿ ನಮ್ಮದಿಲ್ಲ,” ಎಂದಳು.

ಯಜಮಾನರು ಚಪ್ಪಾಳೆ ತಟ್ಟಿ ನಕ್ಕರು. “ಸೋತ್ರಲ್ಲಮ್ಮ! ಎರಡನೇದು ನಮ್ದೇ. ಒಂಬತ್ತು ಗಂಟೆಗೆ ನಾನೇ ಬೆಲ್ಟಿಂದ ಎತ್ಕೊಂಡು ಬಂದೆ.”

ನಾನು ಬೆಂಚಿನಿಂದ ಕೆಳಗಿಳಿದೆ. ಚಿಕ್ಕಮ್ಮ ಮಾತ್ರ ಏಪ್ರನ್ ಗಂಟು ಬಿಗಿದಳು.

“ಒಂಬತ್ತಕ್ಕೆ ನಾವೆಲ್ಲಿದ್ವಿ ಸಾರ್?”

“ಆಫೀಸಿನ ಹೊರಗೆ.”

“ಮತ್ತೆ ಮೇಜಿನ ಹತ್ರ ಯಾರಿದ್ರು?”

ಯಜಮಾನರು ಎರಡನೆಯ ಕೇಕನ್ನು ಕೈಗೆತ್ತಿಕೊಂಡರು.

“ನಾನಿದ್ದಿದ್ರೆ ಇದು ಬುಟ್ಟೀಲಿರ್ತಿತ್ತು. ಮುರಿದು ನೋಡಿ.”

ಮುರಿದರು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಕ್ರೀಮು ಒಂದು ಮೂಲೆಯಲ್ಲಿ ಬಟಾಣಿಯಷ್ಟಿತ್ತು. ನಾನು ಓಡಿಹೋಗಿ ಹಿಂದಿನ ದಿನ ಚಿಕ್ಕಮ್ಮನ ಮೇಜು ದಾಟಿ ಬಂದಿದ್ದ ಡಬ್ಬದಿಂದ ಒಂದು ತಂದುಕೊಟ್ಟೆ. ಅದನ್ನು ಮುರಿದರೆ ಕ್ರೀಮು ಯಜಮಾನರ ಹೆಬ್ಬೆರಳಿಗೆಲ್ಲ ಮೆತ್ತಿಕೊಂಡಿತು. ಅವರು ಬೆರಳು ನೆಕ್ಕಿ, ಸುತ್ತ ನೋಡಿ, “ಮೇಜು ಇರ್ಲಿ,” ಎಂದರು.

ಕ್ಯಾಂಟೀನಿನ ಸೂರು ಹಾರಿಹೋಗುವಂತೆ ಕೂಗಿದೆವು! ಚಿಕ್ಕಮ್ಮನನ್ನು ಎತ್ತಿಕೊಂಡು ಕುಣಿಯೋಣವೆಂದರೆ ಅವಳು ನನ್ನ ಕೈ ಕೊಡವಿ ಬಾಗಿಲತ್ತ ಓಡುತ್ತಿದ್ದಳು.

“ಕುಣಿಯೋದು ಆಮೇಲೆ! ಎಂಟು ಗಂಟೆಯಿಂದ ಯಾರೂ ನೋಡದೇ ಹೋಗಿರೋ ಕೇಕು, ಲಾರಿ ಹತ್ತೋಕೆ ಮುಂಚೆ ಡಬ್ಬ ಬಿಚ್ಚಿ!”

ಅವಳ ಹಿಂದೆ ನಾವು ಓಡಿದೆವು. ನಮ್ಮೆಲ್ಲರ ಹಿಂದೆ, ಬೆರಳು ನೆಕ್ಕುತ್ತಲೇ, ಯಜಮಾನರೂ ಓಡಿ ಬಂದರು.