ಪಕ್ಕದ ಮನೆಯ ಹಾಗಲ ರಸ

ಲಿವರ್ ಕೆಡಬಹುದಿತ್ತು. ಬೇಲಿಯಿಂದ ಕಿತ್ತದ್ದು ಅಮೃತಬಳ್ಳಿಯೇ ಆಗಿರದೆ ಇನ್ಯಾವುದೋ ವಿಷದ ಬಳ್ಳಿಯಾಗಿರಬಹುದಿತ್ತು. ಬೀದಿನಾಯಿಗಳೆಲ್ಲ ಕಾಲೆತ್ತುತ್ತಿದ್ದುದು ಅದೇ ಬೇಲಿಗೆ. ಸೊಪ್ಪು ತೊಳೆಯುವುದು ಮರೆತಿರಬಹುದಿತ್ತು. ಸಕ್ಕರೆ ಇಳಿದು ನಾನು ಬೋರ್ಡಿನ ಮುಂದೆ, ಒಂಬತ್ತನೇ ಕ್ಲಾಸಿನ ಹುಡುಗರ ಎದುರಿಗೇ ಉರುಳಬಹುದಿತ್ತು...

ಮೊನ್ನೆ ಹಾಸನದಲ್ಲಿ, ನಮ್ಮ ಸ್ಟಾಫ್ ರೂಮಿನಲ್ಲಿ, ಸಹೋದ್ಯೋಗಿಯೊಬ್ಬರು ಹಾಗಲಕಾಯಿ ರಸದ ಬಾಟಲಿಯ ಮುಚ್ಚಳ ತಿರುಗಿಸಿದರು. ಆ ಹಸಿ ಕಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಈ ಹಳೆಯ ಭಯಗಳೆಲ್ಲ ಎದ್ದು ಬಂದವು. ಅವುಗಳ ಹಿಂದೆಯೇ, ಹೆಗಲ ಮೇಲೆ ಟವೆಲ್ ಹಾಕಿಕೊಂಡ ಪಕ್ಕದ ಮನೆಯ ಯಜಮಾನರು.

ಆಗ ನಾನು ಶ್ರವಣಬೆಳಗೊಳದಲ್ಲಿ ಹೈಸ್ಕೂಲ್ ಮೇಷ್ಟ್ರು. ಅವರದು ಪಾತ್ರೆ ಅಂಗಡಿ. ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಊಟ ಮುಗಿದರೆ ಬೆಳಗಿನವರೆಗೆ ಗುಟುಕು ನೀರೂ ಇಲ್ಲ. ನಾನು ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದೇನೆ ಎಂದು ತಿಳಿದ ಮರುದಿನದಿಂದಲೇ ಅವರು ಕಾಂಪೌಂಡಿನ ಮೇಲಿಂದ ಲೋಟ ಚಾಚತೊಡಗಿದರು. ಹಾಗಲಕಾಯಿ, ಬೇವಿನ ಚಿಗುರು, ಅಮೃತಬಳ್ಳಿ. ಶುಂಠಿಯಾದರೂ ಬಿದ್ದಿದ್ದರೆ ಸ್ವಲ್ಪ ಬಾಯಿಗೆ ಹತ್ತುತ್ತಿತ್ತೇನೋ. ನೆಲದಡಿ ಬೆಳೆಯುವುದು ಅಂತ ಅದೂ ಇಲ್ಲ. ಕೆರೆಯ ಪಾಚಿಯನ್ನು ಬಟ್ಟೆಯಲ್ಲಿ ಹಿಂಡಿದ ಹಾಗಿತ್ತು. ಮೇಲೆ ಲೋಳೆ ನೊರೆ. ಅದೇ ಲೋಟದಲ್ಲಿ ತಾವು ಮೊದಲು ಕುಡಿದು, ಟವೆಲಿನಲ್ಲಿ ಅಂಚು ಒರೆಸಿ ನನಗೆ ಬಗ್ಗಿಸುತ್ತಿದ್ದರು. ಮೀಸೆಗೆ ಹಸಿರು ಮೆತ್ತಿರುತ್ತಿತ್ತು...

“ಮೂಗ್ ಮುಚ್ಕಬ್ಯಾಡಿ ಮೇಷ್ಟ್ರೇ, ಔಸ್ತಿಗೆ ಅವಮಾನ ಕಣ್ರೀ!”

ಇಷ್ಟು ಕುಡಿದೂ ಅವರಿಗೇ ಬಿಪಿ ಏರಿ ತಲೆ ಸುತ್ತತೊಡಗಿತು. ಪಾರ್ಶ್ವವಾಯು ಹೊಡೆದೀತೆಂದು ಅವರಿಗಿಂತ ಹೆಚ್ಚಾಗಿ ನಾನು ಹೆದರಿ, ಬಸ್ಸು ಹತ್ತಿಸಿ ಹಾಸನದ ಡಾಕ್ಟರ ಮುಂದೆ ಕೂರಿಸಿದೆ. ನನ್ನ ಲಿವರಿನ ಚಿಂತೆಯನ್ನೂ ಅಲ್ಲೇ ಬಿಚ್ಚಿಟ್ಟೆ. ಡಾಕ್ಟರು ನಕ್ಕರು. ರಸ ಬೇಕಾದರೆ ಮಿತವಾಗಿ ಕುಡಿಯಿರಿ, ಆದರೆ ರಾತ್ರಿ ಊಟವಾದ ಮೇಲೆ ಈ ಮಾತ್ರೆ ತಪ್ಪಿಸಬೇಡಿ ಎಂದರು. ಯಜಮಾನರು ಒಳ್ಳೆಯ ವಿದ್ಯಾರ್ಥಿಯಂತೆ ತಲೆಯಾಡಿಸಿದರು.

ಆಮೇಲೂ ಬಿಪಿ ಇಳಿಯಲಿಲ್ಲ. ನಾನು ರಸವನ್ನೇ ಬೈದೆ. “ಮಾತ್ರೆ ತಗೋತಿದ್ದೀರಾ, ಯಜಮಾನ್ರೇ?” ಎಂದು ಕೇಳಿದಾಗಲೆಲ್ಲ ಒಂದೇ ಉತ್ತರ: “ಡಾಕ್ಟ್ರು ಯೋಳ್ದಂಗೇ ಕಣ್ರೀ. ಒಸಿ ಎಚ್ಚೂ ಇಲ್ಲ, ಕಮ್ಮೀನೂ ಇಲ್ಲ.”

ಒಂದು ಬೆಳಿಗ್ಗೆ ಕಾಂಪೌಂಡಿನ ಆಚೆ ಲೋಟ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಯಜಮಾನರ ಬಾಯಿ ಒಂದು ಕಡೆಗೆ ಎಳೆದಿತ್ತು. ಆಸ್ಪತ್ರೆಯಿಂದ ಅವರು ವಾಪಸ್ಸು ಬರಲಿಲ್ಲ.

ಕರ್ಮವೆಲ್ಲ ಕಳೆದ ಮೇಲೆ ಅವರ ಹೆಂಡತಿ ನನ್ನ ಕೈಗೊಂದು ಕವರು ಕೊಟ್ಟರು. ಒಳಗೆ ಮಾತ್ರೆಯ ಹಾಳೆಗಳು, ಒಂದೂ ಒಡೆದಿರಲಿಲ್ಲ.

“ಯಾರ್ಗಾದ್ರೂ ಕೊಟ್ಬುಡಿ ಮೇಷ್ಟ್ರೇ.”

“ಇದ್ಯಾಕಮ್ಮಾ, ತಗೊಂಡೇ ಇಲ್ವಲ್ಲ?”

“ರಾತ್ರಿ ಊಟ ಆದ್ಮೇಲೆ ಅಂದಿದ್ರಂತೆ ಡಾಕ್ಟ್ರು. ನಮ್ಮನೇಲಿ ರಾತ್ರಿ ಊಟ ಎಲ್ಲೈತೆ? ಯಾವತ್ತಾರ ಉಂಡ್ರೆ ತಗೋತೀನಿ ಅಂತಿದ್ರು.”

ಬಾಯಿತುಂಬ ಕಹಿ ನೀರೂರಿತು. ಯಾವ ಹಾಗಲಕಾಯಿಯೂ ಅಷ್ಟು ಕಹಿಯಿರಲಿಲ್ಲ.

ಈಗ ನನಗೂ ಮಾತ್ರೆಗಳು ಶುರುವಾಗಿವೆ. ಲಿವರ್ ಮಾತ್ರ ಗಟ್ಟಿಯಾಗಿದೆ, ಪರೀಕ್ಷೆ ಮಾಡಿಸಿದಾಗಲೆಲ್ಲ ಹಾಗೇ ಹೇಳುತ್ತಾರೆ. ರಸದಿಂದ ಏನಾದೀತೆಂದು ನಾನು ಹೆದರಿದ್ದು ಯಾವುದೂ ಆಗಲಿಲ್ಲ. ಆ ದಿನ ಡಾಕ್ಟರ ಕೋಣೆಯಲ್ಲಿ ಇಷ್ಟೇ ಆದದ್ದು: ನೀವು ಉಣ್ಣುವುದು ಎಷ್ಟು ಹೊತ್ತಿಗೆ ಎಂದು ಅವರನ್ನು ಯಾರೂ ಕೇಳಲಿಲ್ಲ.